ಮಾಂತ್ರಿಕ ವಾಸ್ತವವಾದ ಮತ್ತು ಫ್ಯಾಂಟಸಿ: ಕಥೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡರಲ್ಲೂ ನಡೆಯಲಾರದ್ದು ನಡೆಯುತ್ತದೆ. ಹಾಗಿದ್ದ ಮೇಲೆ ವ್ಯತ್ಯಾಸವೆಲ್ಲಿ?

ನಡೆಯಲಾರದ್ದು ನಡೆದಾಗ ಆ ಕಥೆಯ ಲೋಕ ಅದನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಫ್ಯಾಂಟಸಿಯ ಲೇಖಕ ನಮ್ಮ ಲೋಕದ ಕಟ್ಟಳೆಗಳನ್ನು ಬದಿಗಿಟ್ಟು, ಬೇರೆ ಕಟ್ಟಳೆಗಳಿರುವ ಲೋಕವೊಂದನ್ನು ನಿರ್ಮಿಸುತ್ತಾನೆ. ಇಲ್ಲವೇ ನಮ್ಮ ಲೋಕದ ಮಗ್ಗುಲಲ್ಲಿ ಅಂಥ ಲೋಕವನ್ನು ಅಡಗಿಸಿಟ್ಟು, ಅದಕ್ಕೊಂದು ಬಾಗಿಲನ್ನು ಇಡುತ್ತಾನೆ. ಮಾಂತ್ರಿಕ ವಾಸ್ತವವಾದದ ಲೇಖಕ ಲೋಕವನ್ನು ಬದಲಿಸುವುದಿಲ್ಲ. ಅದೇ ಊರು, ಅದೇ ಸಾಲ, ಅದೇ ಬರಗಾಲ, ಅದೇ ಪೊಲೀಸು ಠಾಣೆ. ಇವುಗಳ ನಡುವೆ ಒಂದು ಅಸಂಭವ ಸಂಗತಿ ಸಂಭವಿಸುತ್ತದೆ. ಯಾರೂ ಅದಕ್ಕೆ ವಿವರಣೆ ಕೇಳುವುದಿಲ್ಲ, ನಿರೂಪಕನೂ ಕೊಡುವುದಿಲ್ಲ, ಮರುದಿನ ಬೆಳಿಗ್ಗೆ ಹಾಲು ಕರೆಯುವ ಕೆಲಸ ಎಂದಿನಂತೆ ಸಾಗುತ್ತದೆ.

ಮಾಯೆಯ ಪ್ರಮಾಣ ಇಲ್ಲಿ ಅಳತೆಗೋಲಾಗುವುದಿಲ್ಲ. ಕಡಿಮೆ ಮಾಯೆಯಿದ್ದರೆ ಮಾಂತ್ರಿಕ ವಾಸ್ತವ, ಹೆಚ್ಚಿದ್ದರೆ ಫ್ಯಾಂಟಸಿ ಎಂಬ ಮಾತು ಬರವಣಿಗೆಯ ಕಮ್ಮಟಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ತಪ್ಪು. ಒಂದೇ ಒಂದು ಉಂಗುರವಿರುವ ಕಥೆ ಫ್ಯಾಂಟಸಿಯಾಗಬಹುದು. ಪುಟಪುಟಕ್ಕೂ ಸತ್ತವರು ಎದ್ದು ಬಂದು ಊಟಕ್ಕೆ ಕೂರುವ ಕಾದಂಬರಿ ಮಾಂತ್ರಿಕ ವಾಸ್ತವವಾಗಬಹುದು.

‘ಮಾಂತ್ರಿಕ ವಾಸ್ತವವಾದ’ ಎಂಬ ಹೆಸರು ಎಲ್ಲಿಂದ ಬಂತು?

ಹೆಸರು ಹುಟ್ಟಿದ್ದು ಸಾಹಿತ್ಯದಲ್ಲಲ್ಲ, ಚಿತ್ರಕಲೆಯಲ್ಲಿ. ಜರ್ಮನಿಯ ಕಲಾ ವಿಮರ್ಶಕ ಫ್ರಾಂಜ್ ರೋ 1925ರಲ್ಲಿ, ಎಕ್ಸ್‌ಪ್ರೆಷನಿಸಂ ಎಂಬ ಕಲಾಪಂಥದ ನಂತರದ ಚಿತ್ರಕಾರರನ್ನು ಕುರಿತು ಬರೆಯುವಾಗ ಈ ಪದವನ್ನು ಬಳಸಿದ. ಮೇಜು, ಬಟ್ಟಲು, ಬೀದಿಯಂಥ ಸಾಮಾನ್ಯ ವಸ್ತುಗಳನ್ನೇ ಅತಿ ಸ್ಪಷ್ಟವಾಗಿ, ಅವುಗಳೊಳಗೆ ಏನೋ ಗುಟ್ಟಿದೆ ಎನ್ನಿಸುವಂತೆ ಬರೆಯುವ ಬಗೆಯನ್ನು ಅವನು ಹಾಗೆ ಕರೆದಿದ್ದ. ಆ ಚಿತ್ರಗಳಲ್ಲಿ ದೆವ್ವವೂ ಇರಬೇಕಿರಲಿಲ್ಲ, ಹಾರುವ ಮನುಷ್ಯನೂ ಇರಬೇಕಿರಲಿಲ್ಲ. ಎರಡು ವರ್ಷಗಳಲ್ಲಿ ಅವನ ಬರಹ ಸ್ಪ್ಯಾನಿಷ್ ಭಾಷೆಗೆ ಬಂತು. 1948ರಲ್ಲಿ ವೆನೆಜುವೆಲಾದ ಲೇಖಕ ಆರ್ತುರೋ ಉಸ್ಲಾರ್ ಪಿಯೆತ್ರಿ ತನ್ನ ನಾಡಿನ ಸಣ್ಣಕಥೆಗಳ ಸಂದರ್ಭದಲ್ಲಿ ಅದೇ ಪದವನ್ನು ಎತ್ತಿಕೊಂಡ.

ಮರುವರ್ಷ, 1949ರಲ್ಲಿ, ಕ್ಯೂಬಾದ ಅಲೆಹೋ ಕಾರ್ಪೆಂತಿಯೆರ್ ಹೈಟಿಯ ಗುಲಾಮರ ಬಂಡಾಯವನ್ನು ಕುರಿತ ತನ್ನ ಕಾದಂಬರಿಯ ಮುನ್ನುಡಿಯಲ್ಲಿ ಬೇರೊಂದು ಪದವನ್ನು ಮುಂದಿಟ್ಟ. ಅದನ್ನು ಕನ್ನಡದಲ್ಲಿ ‘ವಾಸ್ತವದ ಅದ್ಭುತ’ ಎನ್ನಬಹುದು. ಕನಸಿನಂಥ ಅಸಂಗತ ಚಿತ್ರಗಳನ್ನು ಕಟ್ಟುವ ಯೂರೋಪಿನ ಸರ್‌ರಿಯಲಿಸ್ಟರು ಕಷ್ಟಪಟ್ಟು ಕೃತಕವಾಗಿ ಹೊಂದಿಸುವ ಬೆರಗು ಲ್ಯಾಟಿನ್ ಅಮೆರಿಕದ ನೆಲದಲ್ಲಿ, ಅಲ್ಲಿನ ಚರಿತ್ರೆಯಲ್ಲಿ, ಜನರ ನಂಬಿಕೆಯಲ್ಲಿ ಆಗಲೇ ಬಿದ್ದುಕೊಂಡಿದೆ ಎಂಬುದು ಅವನ ವಾದ. ರೋ ಹೇಳಿದ್ದು ನೋಡುವ ಕಣ್ಣಿನ ಬಗ್ಗೆ. ಕಾರ್ಪೆಂತಿಯೆರ್ ಹೇಳಿದ್ದು ನೆಲದ ಬಗ್ಗೆ. ಇಂದು ನಾವು ಬಳಸುವ ಹೆಸರು ಮೊದಲನೆಯವನದ್ದಾದರೂ, ಅದರೊಳಗಿನ ಅರ್ಥ ಬಹುಮಟ್ಟಿಗೆ ಎರಡನೆಯವನದ್ದು.

ಕನ್ನಡದ ಅನುವಾದದಲ್ಲಿ ಒಂದು ಸಣ್ಣ ತೊಡಕಿದೆ. ‘ಮಾಂತ್ರಿಕ’ ಎಂದೊಡನೆ ನಮ್ಮ ಓದುಗನಿಗೆ ಮಂತ್ರವಾದಿ, ನಿಂಬೆಹಣ್ಣು, ಕುಂಕುಮ ನೆನಪಾಗುತ್ತವೆ. ಈ ಬಗೆಯ ಕಥೆಗಳಲ್ಲಿ ಮಂತ್ರ ಹಾಕುವವರು ಇರುವುದೇ ಅಪರೂಪ. ಮಂತ್ರವಿದ್ದರೆ ಅದನ್ನು ಕಲಿಯುವ, ಪ್ರಯೋಗಿಸುವ ವಿಧಾನವೂ ಇರಬೇಕಾಗುತ್ತದೆ, ಮತ್ತು ಆ ವಿಧಾನ ಬಂದ ಕೂಡಲೇ ಕಥೆ ಫ್ಯಾಂಟಸಿಯ ಕಡೆಗೆ ವಾಲುತ್ತದೆ. ಆದರೂ ಪದ ರೂಢಿಗೆ ಬಂದುಬಿಟ್ಟಿದೆ; ಅದನ್ನೇ ಇಲ್ಲಿಯೂ ಬಳಸಿದೆ.

ಫ್ಯಾಂಟಸಿ ಎಂದರೆ ಮನಸ್ಸಿಗೆ ಬಂದದ್ದನ್ನು ಬರೆಯುವುದಲ್ಲವೇ?

ಅದಕ್ಕೆ ತೀರ ವಿರುದ್ಧ. ಫ್ಯಾಂಟಸಿಯಷ್ಟು ಶಿಸ್ತನ್ನು ಬೇಡುವ ಪ್ರಕಾರಗಳು ಕಡಿಮೆ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಿನ್ನರಕಥೆಗಳ ಬಗ್ಗೆ ಮಾಡಿದ ಉಪನ್ಯಾಸದಿಂದ ಬೆಳೆದ ಪ್ರಬಂಧದಲ್ಲಿ, ಲೇಖಕ ಒಂದು ಎರಡನೆಯ ಲೋಕವನ್ನು ಸೃಷ್ಟಿಸುತ್ತಾನೆ, ಓದುಗನ ಮನಸ್ಸು ಅದರೊಳಗೆ ಪ್ರವೇಶಿಸುತ್ತದೆ ಎಂದು ವಾದಿಸುತ್ತಾನೆ. ಒಳಗಿರುವಷ್ಟು ಹೊತ್ತು ಅಲ್ಲಿ ಹೇಳುವುದೆಲ್ಲ ಆ ಲೋಕದ ನಿಯಮಗಳಿಗೆ ಹೊಂದುವುದರಿಂದ ಓದುಗ ಅದನ್ನು ನಂಬುತ್ತಾನೆ. ಅಪನಂಬಿಕೆ ಹುಟ್ಟಿದ ಕ್ಷಣವೇ ಮಾಯೆ ಕಳಚಿಬೀಳುತ್ತದೆ. ಹಸಿರು ಸೂರ್ಯನಿರುವ ಲೋಕ ಎಂದು ಹೇಳಿಬಿಡುವುದು ಯಾರಿಗಾದರೂ ಸುಲಭ. ಹಸಿರು ಸೂರ್ಯ ನಂಬಲರ್ಹನಾಗುವ ಲೋಕವನ್ನು ಕಟ್ಟುವುದು ಕಷ್ಟ ಎಂಬ ಅರ್ಥದ ಅವನ ಮಾತು ಪ್ರಸಿದ್ಧವಾಗಿದೆ.

ಅಲ್ಲಿ ಹೊಲ ಉಳುವವರು ಯಾರು? ರಾತ್ರಿ ಎಷ್ಟು ಚಂದ್ರರು? ಮಂತ್ರ ಬಲ್ಲವನು ಹಸಿದಾಗ ಅನ್ನವನ್ನು ಸೃಷ್ಟಿಸಿಕೊಳ್ಳಬಲ್ಲನೇ, ಬಲ್ಲನಾದರೆ ಆ ಲೋಕದಲ್ಲಿ ಬಡತನ ಏಕಿದೆ? ಇಂಥ ಪ್ರಶ್ನೆಗಳಿಗೆ ಫ್ಯಾಂಟಸಿಯ ಲೇಖಕನ ಬಳಿ ಉತ್ತರವಿರಬೇಕು. ಕಥೆಯಲ್ಲಿ ಎಲ್ಲವನ್ನೂ ಬರೆಯಬೇಕಿಲ್ಲ, ಆದರೆ ಕಥೆಯ ಕೆಳಗೆ ಅಡಿಪಾಯವಾಗಿ ಅವು ಇರಬೇಕು.

ನಮ್ಮ ಲೋಕದಲ್ಲೇ ನಡೆಯುವ ಫ್ಯಾಂಟಸಿಯೂ ಇದೆಯಲ್ಲ? ಹ್ಯಾರಿ ಪಾಟರ್ ಕಥೆಯಲ್ಲಿ ಲಂಡನ್ನಿನ ರೈಲು ನಿಲ್ದಾಣದಿಂದಲೇ ಮಂತ್ರವಿದ್ಯೆಯ ಶಾಲೆಗೆ ಗಾಡಿ ಹೊರಡುತ್ತದೆ.

ಹೊರಡುತ್ತದೆ, ಆದರೆ ಎರಡು ಪ್ಲಾಟ್‌ಫಾರ್ಮುಗಳ ನಡುವಿನ ಗೋಡೆಯೊಂದನ್ನು ದಾಟಿ. ಆ ಗೋಡೆಯೇ ಇಲ್ಲಿ ಮುಖ್ಯ. ಮಂತ್ರ ಬಲ್ಲವರ ಸಮಾಜ ಬೇರೆ, ಉಳಿದವರ ಸಮಾಜ ಬೇರೆ. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದಂತೆ ಕಾಪಾಡಲು ಕಾನೂನೇ ಇದೆ. ಕಥೆ ಲಂಡನ್ನಿನಲ್ಲಿ ಆರಂಭವಾದರೂ ಲೋಕಗಳು ಎರಡಾಗಿಯೇ ಉಳಿಯುತ್ತವೆ, ಕಥಾನಾಯಕ ಒಂದರಿಂದ ಇನ್ನೊಂದಕ್ಕೆ ದಾಟುತ್ತಾನೆ. ಮಾಂತ್ರಿಕ ವಾಸ್ತವದಲ್ಲಿ ದಾಟಲು ಹೊಸಿಲೇ ಇಲ್ಲ. ಪವಾಡ ನಡೆಯುವುದು ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರು, ನೆಂಟರು ಬಂದಿರುವಾಗ.

ಹಾಗಾದರೆ ಪಾತ್ರಗಳು ಬೆರಗಾಗಲೇಬಾರದೇ?

ಇದು ಬಹಳ ಮಂದಿ ಎಡವುವ ಜಾಗ. ಸ್ವಲ್ಪ ನಿಧಾನವಾಗಿ ನೋಡೋಣ.

ಕೊಲಂಬಿಯಾದ ಲೇಖಕ ಗಾರ್ಸಿಯಾ ಮಾರ್ಕೆಸ್ 1967ರಲ್ಲಿ ಪ್ರಕಟಿಸಿದ, ಮಕೊಂಡೊ ಎಂಬ ಊರಿನ ಒಂದು ಶತಮಾನದ ಕಥೆಯಲ್ಲಿ, ರೆಮೆದಿಯೋಸ್ ಎಂಬ ಚೆಲುವೆ ಹಗಲು ಹೊತ್ತಿನಲ್ಲಿ, ಒಗೆದ ಹಾಸಿಗೆ ಬಟ್ಟೆ ಮಡಿಸುತ್ತಿರುವಾಗ, ಆ ಬಟ್ಟೆಗಳ ಸಮೇತ ಆಕಾಶಕ್ಕೆ ಏರಿಹೋಗುತ್ತಾಳೆ. ಅದನ್ನು ಕಂಡ ಆ ಮನೆಯ ಸೊಸೆ ಫೆರ್ನಾಂದಾಳಿಗೆ ಆಗುವುದು ಹೊಟ್ಟೆಕಿಚ್ಚು. ಪವಾಡವನ್ನು ಅವಳು ಒಪ್ಪಿಕೊಳ್ಳುತ್ತಾಳೆ, ಆದರೆ ತನ್ನ ಹಾಸಿಗೆ ಬಟ್ಟೆಗಳನ್ನು ಮರಳಿ ಕಳಿಸೆಂದು ಬಹುಕಾಲ ದೇವರನ್ನು ಬೇಡಿಕೊಳ್ಳುತ್ತಾಳೆ. ಅದೇ ಕಾದಂಬರಿಯ ಆರಂಭದಲ್ಲಿ, ಜಿಪ್ಸಿಗಳು ತಂದ ಮಂಜುಗಡ್ಡೆಯ ತುಂಡನ್ನು ಮುಟ್ಟಲು ಜನ ದುಡ್ಡು ಕೊಡುತ್ತಾರೆ. ಮನೆಯ ಯಜಮಾನ ಅದನ್ನು ಮುಟ್ಟಿ ಮೈಮರೆಯುತ್ತಾನೆ, ಕಾಲದ ಮಹಾ ಆವಿಷ್ಕಾರವೆನ್ನುತ್ತಾನೆ.

ಬೆರಗು ಇಲ್ಲಿ ಇಲ್ಲವಾಗಿಲ್ಲ, ಅದು ಜಾಗ ಬದಲಿಸಿದೆ. ನಮಗೆ ಸಾಮಾನ್ಯವಾದ ಮಂಜುಗಡ್ಡೆ ಅವರಿಗೆ ಅದ್ಭುತ, ನಮಗೆ ಅದ್ಭುತವಾದ ಆಕಾಶಗಮನ ಅವರಿಗೆ ಬಟ್ಟೆ ಕಳೆದುಕೊಂಡ ನಷ್ಟ. ಕಥೆ ಬರೆಯುವವರು ಕಲಿಯಬೇಕಾದ ಪಾಠ ಇಲ್ಲಿದೆ. ಪಾತ್ರಗಳನ್ನು ಕಲ್ಲಿನಂತೆ ನಿರ್ಭಾವುಕರಾಗಿ ನಿಲ್ಲಿಸಿದರೆ ಮಾಂತ್ರಿಕ ವಾಸ್ತವವಾಗುವುದಿಲ್ಲ. ಅವರು ಸಿಟ್ಟಾಗಬಹುದು, ನಾಚಬಹುದು, ಖರ್ಚಿನ ಲೆಕ್ಕ ಹಾಕಬಹುದು. ಇದು ಹೇಗೆ ಸಾಧ್ಯ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಅವರು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿ, ಉತ್ತರ ಸಿಗದೆ ತೊಳಲುವ ಕಥೆಗಳದ್ದು ಮೂರನೆಯ ಗುಂಪು. ಕಂಡದ್ದು ದೆವ್ವವೋ ಭ್ರಮೆಯೋ ಎಂದು ಪಾತ್ರವೂ ಓದುಗನೂ ಕೊನೆಯವರೆಗೆ ಅನುಮಾನದಲ್ಲಿರುವ ಬಗೆಯದು. ವಿಮರ್ಶಕ ತ್ಸ್ವೆತಾನ್ ತೊದೊರೊವ್ 1970ರಲ್ಲಿ ಆ ತೂಗುಯ್ಯಾಲೆಯನ್ನೇ ಒಂದು ಪ್ರಕಾರದ ಲಕ್ಷಣವೆಂದು ಗುರುತಿಸಿದ. ವಿಮರ್ಶಕಿ ಅಮರಿಲ್ ಚನಾಡಿ 1985ರಲ್ಲಿ ಇದನ್ನು ಮಾಂತ್ರಿಕ ವಾಸ್ತವದೊಡನೆ ಹೋಲಿಸಿ, ಲೌಕಿಕಕ್ಕೂ ಅಲೌಕಿಕಕ್ಕೂ ಇರುವ ವಿರೋಧ ತೊದೊರೊವ್ ಹೇಳುವ ಬಗೆಯಲ್ಲಿ ಬಿಡಿಸದೆ ಉಳಿಯುತ್ತದೆ, ಮಾಂತ್ರಿಕ ವಾಸ್ತವದಲ್ಲಿ ನಿರೂಪಣೆಯೇ ಅದನ್ನು ಕರಗಿಸಿಬಿಡುತ್ತದೆ ಎಂದು ತೋರಿಸಿದಳು. ನಮ್ಮಲ್ಲಿ ಮಾಂತ್ರಿಕ ವಾಸ್ತವವೆಂದು ಹೆಸರಿಟ್ಟುಕೊಂಡು ಬರುವ ಎಷ್ಟೋ ಕಥೆಗಳು ನಿಜದಲ್ಲಿ ಈ ಅನುಮಾನದ ಗುಂಪಿಗೆ ಸೇರಿದವು ಎಂಬುದು ನನ್ನ ಅನಿಸಿಕೆ. ಕೊನೆಯ ಸಾಲಿನಲ್ಲಿ ‘ಅದು ಕನಸಾಗಿತ್ತೇ?’ ಎಂದು ಬರೆದವರು ತಾವೇ ಕಟ್ಟಿದ್ದನ್ನು ತಾವೇ ಕೆಡವಿದಂತೆ.

ನಿರೂಪಕನ ದನಿ ಹೇಗಿರಬೇಕು?

ಗಾರ್ಸಿಯಾ ಮಾರ್ಕೆಸ್ ತನಗೆ ದನಿ ದೊರೆತದ್ದು ಅಜ್ಜಿಯಿಂದ ಎಂದು ಹೇಳಿಕೊಂಡಿದ್ದಾನೆ. ಅವಳು ಅತಿ ವಿಚಿತ್ರವಾದ ಸಂಗತಿಗಳನ್ನು ಮುಖಭಾವ ಬದಲಿಸದೆ, ಏನೂ ಆಗಿಲ್ಲವೆಂಬಂತೆ ಹೇಳುತ್ತಿದ್ದಳಂತೆ. ಆನೆಗಳು ಆಕಾಶದಲ್ಲಿ ಹಾರುತ್ತಿವೆ ಎಂದರೆ ಯಾರೂ ನಂಬುವುದಿಲ್ಲ, ನಾನೂರ ಇಪ್ಪತ್ತೈದು ಆನೆಗಳು ಹಾರುತ್ತಿವೆ ಎಂದರೆ ಜನ ನಂಬಬಹುದು ಎಂಬ ಅವನ ಮಾತು 1981ರ ಸಂದರ್ಶನವೊಂದರಲ್ಲಿದೆ. ಪತ್ರಕರ್ತನಾಗಿ ದುಡಿದವನ ಕಿವಿಮಾತು ಅದು. ಮಕೊಂಡೊದ ಮಳೆ ‘ಬಹಳ ವರ್ಷ’ ಸುರಿಯುವುದಿಲ್ಲ. ನಾಲ್ಕು ವರ್ಷ, ಹನ್ನೊಂದು ತಿಂಗಳು, ಎರಡು ದಿನ ಸುರಿಯುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಈ ದನಿ ಹೊಸದಲ್ಲ. ಊರಿನ ಹಿರಿಯರು ‘ಅವತ್ತು ಅಮಾವಾಸ್ಯೆ, ಕೆರೆ ಏರಿ ಮೇಲೆ ನಮ್ಮ ದೊಡ್ಡಪ್ಪನ ಜೊತೆಗೆ ಅದೂ ನಡೆದು ಬಂತು, ತೂಬಿನ ಹತ್ತಿರ ನಿಂತುಕೊಂಡಿತು’ ಎಂದು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳುವಾಗ, ‘ಅದು’ ಎಂದರೇನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಆದರೆ ತೂಬು ಯಾವುದು, ದೊಡ್ಡಪ್ಪ ಯಾರ ಮದುವೆಯಿಂದ ಮರಳುತ್ತಿದ್ದರು ಎಂಬ ವಿವರಗಳಲ್ಲಿ ಒಂದಿಷ್ಟೂ ತಪ್ಪುವುದಿಲ್ಲ. ಅಲೌಕಿಕವನ್ನು ಮಬ್ಬಾಗಿಟ್ಟು ಲೌಕಿಕವನ್ನು ನಿಖರಗೊಳಿಸುವ ಬಗೆ ಇದು. ಮಾರ್ಕೆಸ್ ಅಲೌಕಿಕವನ್ನೂ ನಿಖರಗೊಳಿಸಿದ, ಅಷ್ಟೇ ವ್ಯತ್ಯಾಸ.

ಫ್ಯಾಂಟಸಿಯ ನಿರೂಪಕನಿಗೆ ಬೇರೆ ಹೊರೆಯಿದೆ. ಅವನು ಓದುಗನಿಗೆ ಪರಿಚಯವಿಲ್ಲದ ಲೋಕವನ್ನು ತಿಳಿಸಿಕೊಡಬೇಕು. ಆದ್ದರಿಂದ ಏನೂ ಅರಿಯದ ಹುಡುಗನನ್ನೋ ಪರಊರಿನವನನ್ನೋ ಮುಂದಿಟ್ಟುಕೊಂಡು, ಅವನು ಕಲಿತಂತೆ ಓದುಗನೂ ಕಲಿಯುವಂತೆ ಮಾಡುವುದು ವಾಡಿಕೆ.

ಒಂದೇ ವಸ್ತುವನ್ನು ಎರಡೂ ಬಗೆಯಲ್ಲಿ ಬರೆದು ತೋರಿಸಬಹುದೇ?

ಪ್ರಯತ್ನಿಸೋಣ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡು, ಮಲೆನಾಡಿನ ಅನೇಕ ಊರುಗಳು ಹಿನ್ನೀರಿನಲ್ಲಿ ಮುಳುಗಿದವು. ಮುಳುಗಡೆಯವರೆಂದೇ ಕರೆಸಿಕೊಂಡ ಆ ಜನ ಬೇರೆಡೆ ನೆಲೆಯೂರಿದರೂ, ಹೊಸ ಭೂಮಿಯ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಎಳೆದಾಡಿತು. ವಸ್ತು ಇದು.

ಫ್ಯಾಂಟಸಿಯ ದಾರಿ: ಬೇಸಿಗೆಯಲ್ಲಿ ನೀರು ಇಳಿದಾಗ ಹುಡುಗನೊಬ್ಬ ಹಿನ್ನೀರಿನ ಅಂಚಿನಲ್ಲಿ ಕಲ್ಲಿನ ಮೆಟ್ಟಿಲುಗಳನ್ನು ಕಾಣುತ್ತಾನೆ. ಅವು ತಳದ ಊರಿಗೆ ಇಳಿಯುತ್ತವೆ; ಅಲ್ಲಿ ಇನ್ನೂ ಜನರಿದ್ದಾರೆ, ಅವರಿಗೊಬ್ಬ ಒಡೆಯನಿದ್ದಾನೆ. ಮುಳುಗಡೆಯವರ ವಂಶದವರಿಗೆ ಮಾತ್ರ ಮೆಟ್ಟಿಲು ಕಾಣುತ್ತದೆ. ಪ್ರತಿ ಸಲ ಇಳಿದು ಬಂದಾಗಲೂ ಮೇಲಿನ ಲೋಕದ ಒಬ್ಬರ ಹೆಸರು ಅವನಿಗೆ ಮರೆತುಹೋಗುತ್ತದೆ. ಮಳೆಗಾಲ ಹಿಡಿಯುವುದರೊಳಗೆ ತಳದ ಊರಿನ ಗಂಟೆಯನ್ನು ಅವನು ಮೇಲೆ ತರಬೇಕು. ಯಾರಿಗೆ ಸಾಧ್ಯ, ಎಂದು ಸಾಧ್ಯ, ಅದಕ್ಕೆ ತೆರಬೇಕಾದ ಬೆಲೆ ಏನು ಎಂಬುದು ಆರಂಭದಲ್ಲೇ ಗೊತ್ತಾಗಿರುವುದರಿಂದ, ತಾಯಿಯ ಹೆಸರೂ ಮರೆಯಬಹುದೆಂಬ ಭಯ ಕಥೆಯನ್ನು ಮುಂದೆ ನಡೆಸುತ್ತದೆ.

ಮಾಂತ್ರಿಕ ವಾಸ್ತವದ ದಾರಿ: ‘ಅಣೆಕಟ್ಟೆ ತುಂಬಿದ ವರ್ಷಗಳಲ್ಲೆಲ್ಲ ಅತ್ತೆಯ ಟ್ರಂಕಿನ ತಳದಿಂದ ನೀರು ಜಿನುಗುತ್ತಿತ್ತು. ಹಳೆಯ ಊರಿನ ಜಮೀನಿನ ಕಾಗದಗಳು ಅದರಲ್ಲಿದ್ದವು. ದಿನಕ್ಕೆ ಎರಡು ಕೊಡದಷ್ಟು ನೀರಾಗುತ್ತಿತ್ತು. ಅತ್ತೆ ಅದನ್ನು ಬಸಳೆ ಚಪ್ಪರದ ಬುಡಕ್ಕೆ ಹೊಯ್ಯುತ್ತಿದ್ದರು. ಒಮ್ಮೆ ಸಣ್ಣ ಮೀನುಗಳೂ ಬಂದವು. ಅಳತೆಗೆ ಬಂದ ಗ್ರಾಮಲೆಕ್ಕಿಗರು ಟ್ರಂಕನ್ನು ತೆರೆಸಿ, ಒದ್ದೆ ಕಾಗದ ನಡೆಯುವುದಿಲ್ಲ, ಒಣಗಿದ ಪ್ರತಿ ತನ್ನಿ ಎಂದು ಹೇಳಿ, ಚಹಾ ಕುಡಿದು ಹೋದರು.’

ಎರಡನೆಯದರಲ್ಲಿ ನೀರಿಗೆ ಕಾರಣ ಹೇಳಿದ್ದರೆ, ಅಂದರೆ ಮುಳುಗಿದ ದೇವಿಯ ಶಾಪ ಎಂದೋ ಅತ್ತೆಗೆ ಇದ್ದ ಶಕ್ತಿ ಎಂದೋ ಒಂದು ವಾಕ್ಯ ಸೇರಿಸಿದ್ದರೆ, ಕಥೆ ಅಲ್ಲಿಗೆ ಸತ್ತುಹೋಗುತ್ತಿತ್ತು. ಕಾರಣ ಓದುಗನಿಗೆ ಗೊತ್ತಿರುವುದರಿಂದಲೇ ಅದನ್ನು ಹೇಳಬೇಕಾಗಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬಹುದು: ಟ್ರಂಕಿನ ನೀರಿಗಿಂತ, ಒಣಗಿದ ಪ್ರತಿ ಕೇಳುವ ಅಧಿಕಾರಿಯೇ ಅಲ್ಲಿ ಹೆಚ್ಚು ವಿಚಿತ್ರವಾಗಿ ಕಾಣುತ್ತಾನೆ.

ಮಾಯೆಗೆ ನಿಯಮ ಬೇಕೇ, ಬೇಡವೇ?

ಫ್ಯಾಂಟಸಿಯಲ್ಲಿ ಮಾಯೆ ಕಥೆಯ ತೊಡಕುಗಳನ್ನು ಬಿಡಿಸುವ ಕೆಲಸ ಮಾಡುತ್ತದೆ. ಆದ್ದರಿಂದ ಅದಕ್ಕೆ ಮಿತಿ ಬೇಕು. ಮಾಯೆಯಿಂದ ಸಮಸ್ಯೆಯನ್ನು ಬಗೆಹರಿಸುವ ಲೇಖಕನ ಹಕ್ಕು, ಆ ಮಾಯೆ ಓದುಗನಿಗೆ ಎಷ್ಟು ಅರ್ಥವಾಗಿದೆ ಎಂಬುದನ್ನು ಅವಲಂಬಿಸಿದೆ ಎಂಬ ಸೂತ್ರವನ್ನು ಅಮೆರಿಕದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್‌ಸನ್ ಮುಂದಿಟ್ಟಿದ್ದಾನೆ. ಉರ್ಸುಲಾ ಲೆ ಗ್ವಿನ್ 1968ರಿಂದ ಪ್ರಕಟಿಸಿದ ಭೂಸಮುದ್ರದ (ಅರ್ಥ್‌ಸೀ) ಕಾದಂಬರಿಗಳಲ್ಲಿ ವಸ್ತುವಿನ ನಿಜವಾದ ಹೆಸರನ್ನು ಬಲ್ಲವನಿಗೆ ಅದರ ಮೇಲೆ ಅಧಿಕಾರ ಸಿಗುತ್ತದೆ, ಆದರೆ ಪ್ರತಿ ಪ್ರಯೋಗವೂ ಲೋಕದ ಸಮತೋಲವನ್ನು ಕದಲಿಸುತ್ತದೆ. ನಿಯಮವೇ ಅಲ್ಲಿ ನೀತಿಯೂ ಆಗಿದೆ.

ಮಾಂತ್ರಿಕ ವಾಸ್ತವದಲ್ಲಿ ಮಾಯೆ ಯಾವ ತೊಡಕನ್ನೂ ಬಿಡಿಸುವುದಿಲ್ಲ, ಬಿಡಿಸಲೂಬಾರದು. ಟ್ರಂಕಿನ ನೀರು ಅತ್ತೆಗೆ ಜಮೀನನ್ನು ಕೊಡಿಸಿದರೆ ಅದು ಪವಾಡದ ಕಥೆಯಾಗುತ್ತದೆ. ವೆಂಡಿ ಫ್ಯಾರಿಸ್ ಎಂಬ ವಿದ್ವಾಂಸೆ ಈ ಪ್ರಕಾರದ ಮೊದಲ ಲಕ್ಷಣವಾಗಿ ಹೇಳುವುದು, ಲೋಕದ ಯಾವ ನಿಯಮದಿಂದಲೂ ವಿವರಿಸಿ ಮುಗಿಸಲಾಗದ ಒಂದು ಅಂಶವನ್ನು. ಸಂಕೇತವೆಂದು ಕರೆದರೂ ಅದು ಪೂರ್ತಿ ಕರಗುವುದಿಲ್ಲ. ನೀರು ದುಃಖದ ಸಂಕೇತವೆಂದು ನೀವು ಹೇಳಿದ ಮೇಲೂ ಬಸಳೆಯ ಬುಡ ಒದ್ದೆಯಾಗಿಯೇ ಇರುತ್ತದೆ.

ಚರಿತ್ರೆಗೂ ಈ ಪ್ರಕಾರಕ್ಕೂ ಅಷ್ಟು ನಂಟೇಕೆ?

1928ರ ಡಿಸೆಂಬರ್ 6ರಂದು ಕೊಲಂಬಿಯಾದ ಸಿಯೆನಾಗಾ ಪಟ್ಟಣದಲ್ಲಿ, ಯುನೈಟೆಡ್ ಫ್ರೂಟ್ ಕಂಪನಿಯ ಬಾಳೆತೋಟಗಳಲ್ಲಿ ಮುಷ್ಕರ ಹೂಡಿದ್ದ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿತು. ಸತ್ತವರು ಎಷ್ಟು ಮಂದಿ ಎಂಬುದು ಇಂದಿಗೂ ವಿವಾದದ ವಿಷಯ. ಮಕೊಂಡೊದ ಕಥೆಯಲ್ಲಿ ಈ ಹತ್ಯೆ ಬರುತ್ತದೆ. ಬದುಕುಳಿದ ಒಬ್ಬ, ಮೂರು ಸಾವಿರ ಜನ ಸತ್ತರೆಂದು ಊರಿನವರಿಗೆ ಹೇಳುತ್ತಾನೆ. ಯಾರೂ ನಂಬುವುದಿಲ್ಲ. ಇಲ್ಲಿ ಅಂಥದ್ದೇನೂ ನಡೆದೇ ಇಲ್ಲ ಎನ್ನುತ್ತಾರೆ. ಹುಡುಗಿಯೊಬ್ಬಳು ಆಕಾಶಕ್ಕೆ ಹೋದಳೆಂದರೆ ನಂಬಿದ ಊರು, ಕಣ್ಣೆದುರು ನಡೆದ ಹತ್ಯೆಯನ್ನು ನಂಬಲಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕಾರದ ತಿರುಳು ಇದೇ. ಆಳುವವರು ಕಾಗದದ ಮೇಲೆ ಬರೆದದ್ದೇ ವಾಸ್ತವವಾಗಿ, ಜನ ಅನುಭವಿಸಿದ್ದು ದಂತಕಥೆಯಾಗಿ ಉಳಿಯುವ ನಾಡುಗಳಲ್ಲಿ, ವಾಸ್ತವವಾದಿ ಕಾದಂಬರಿಯ ಸಾಕ್ಷಿ ಹೇಳುವ ಶಕ್ತಿ ಕುಂದುತ್ತದೆ. ಆಗ ಲೇಖಕ ಎರಡನ್ನೂ ಒಂದೇ ತೂಕದ ದನಿಯಲ್ಲಿ ಹೇಳುತ್ತಾನೆ. 1947ರ ಆಗಸ್ಟ್ 15ರ ಮಧ್ಯರಾತ್ರಿಯ ನಂತರದ ಒಂದು ಗಂಟೆಯಲ್ಲಿ ಹುಟ್ಟಿದ 1001 ಮಕ್ಕಳಿಗೆ ವಿಚಿತ್ರ ಶಕ್ತಿಗಳಿವೆ ಎಂದು ಸಲ್ಮಾನ್ ರಶ್ದಿ 1981ರಲ್ಲಿ ಬರೆದಾಗಲೂ, ಗುಲಾಮಗಿರಿಗೆ ಮರಳಬಾರದೆಂದು ತಾಯಿಯೇ ಕೊಂದ ಮಗು ಮೈತಳೆದು ಮನೆಗೆ ಬಂದುದನ್ನು ಟೋನಿ ಮಾರಿಸನ್ 1987ರಲ್ಲಿ ಬರೆದಾಗಲೂ, ಚರಿತ್ರೆಯ ಲೆಕ್ಕ ಬಾಕಿಯಿದ್ದ ಕಡೆಯಲ್ಲೇ ಅಲೌಕಿಕ ತಲೆ ಹಾಕಿತು.

ಫ್ಯಾಂಟಸಿಗೆ ಚರಿತ್ರೆಯ ಗೊಡವೆಯಿಲ್ಲ ಎಂದು ಇದರ ಅರ್ಥವಲ್ಲ. ಅದು ಚರಿತ್ರೆಯನ್ನು ದೂರಕ್ಕೆ ಒಯ್ದು ಬೇರೆ ವೇಷದಲ್ಲಿ ತೋರಿಸುತ್ತದೆ. ಹೆಸರು, ತಾರೀಕು, ಕಂಪನಿ ಹಿಡಿದು ಕೇಳುವುದಿಲ್ಲ.

ನಮ್ಮ ಪುರಾಣ, ಜನಪದ ಕಥೆಗಳು ಮಾಂತ್ರಿಕ ವಾಸ್ತವವಲ್ಲವೇ? ನಮ್ಮಲ್ಲಿ ಇದು ಮೊದಲಿನಿಂದಲೂ ಇತ್ತಲ್ಲವೇ?

ಅಲ್ಲ. ಇದು ಅಭಿಮಾನದ ಮಾತು, ಆದರೆ ಸಡಿಲವಾದ ಮಾತು. ಪುರಾಣದ ಲೋಕದಲ್ಲಿ ದೇವರು ಇಳಿದು ಬರುವುದು ಆ ಲೋಕದ ವ್ಯವಸ್ಥೆಯೇ ಆಗಿದೆ; ಅದಕ್ಕೆ ಎದುರಾಗಿ ನಿಲ್ಲುವ ದಾಖಲೆಯ ವಾಸ್ತವ ಅಲ್ಲಿಲ್ಲ. ಜನಪದ ಕಥೆಯ ರಾಜನಿಗೆ ಊರಿಲ್ಲ, ಇಸವಿಯಿಲ್ಲ, ಕಂದಾಯದ ರಸೀದಿಯಿಲ್ಲ. ಮಾಂತ್ರಿಕ ವಾಸ್ತವ ಹುಟ್ಟಬೇಕಾದರೆ ಮೊದಲು ವಾಸ್ತವವಾದ ಬಂದಿರಬೇಕು, ಅದರ ಬಗ್ಗೆ ಅತೃಪ್ತಿಯೂ ಹುಟ್ಟಿರಬೇಕು. ಪುರಾಣವೂ ಜನಪದವೂ ಅದಕ್ಕೆ ಒದಗುವ ಸಾಮಗ್ರಿ. ಫ್ಯಾಂಟಸಿಗೂ ಅದೇ ಸಾಮಗ್ರಿ ಒದಗುತ್ತದೆ. ಬೇತಾಳನನ್ನು ಯಾವ ಕಡೆಗೆ ಹೊತ್ತುಕೊಂಡು ಹೋಗುತ್ತೀರಿ ಎಂಬುದಷ್ಟೇ ಪ್ರಶ್ನೆ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಯಾವುದು?

ಒಂದೇ ನಂಬಿಕೆ ಎರಡು ಕೃತಿಗಳಿಗೆ ಹೋಗಿ ಎರಡು ಬಗೆಯಾದದ್ದನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ರಾತ್ರಿ ಆರಿಸಿದ ದೀಪಗಳು ಊರ ಹೊರಗೆ ಒಂದೆಡೆ ಸೇರಿ, ತಮ್ಮ ತಮ್ಮ ಮನೆಗಳ ಸುದ್ದಿಯನ್ನು ಹಂಚಿಕೊಳ್ಳುತ್ತವೆ ಎಂಬ ಕಲ್ಪನೆ ನಮ್ಮ ಜನಪದದಲ್ಲಿದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಆರಂಭದಲ್ಲಿ ಆ ದೀಪಗಳು ಹಾಳುಗುಡಿಗೆ ಬರುತ್ತವೆ, ಅವುಗಳ ಜೊತೆ ಕಥೆಯೇ ಹೆಣ್ಣಿನ ರೂಪದಲ್ಲಿ ಬಂದು ತನ್ನನ್ನು ತಾನು ಹೇಳಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಾವಿರುವುದು ಕಥೆಯ ಲೋಕದಲ್ಲಿ. ನಾಗರಹಾವು ಗಂಡನ ರೂಪ ತಾಳುವುದು ಆ ಲೋಕಕ್ಕೆ ಸಲ್ಲುತ್ತದೆ. ಹಾಳುಗುಡಿಯ ಹೊಸಿಲು ಅಲ್ಲಿ ಬಾಗಿಲಿನ ಕೆಲಸ ಮಾಡಿದೆ.

ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲೂ ಜೋತಮ್ಮಗಳು, ಅಂದರೆ ದೀಪಗಳು, ಕೂಡಿ ಮಾತಾಡುತ್ತವೆ. ಆದರೆ ಅವು ಮಾತಾಡುವುದು ನಂಜನಗೂಡು ಸೀಮೆಯ ಆಡುಮಾತಿನಲ್ಲಿ, ಜಾತಿ ಮೀರಿದ ಪ್ರೀತಿಗಾಗಿ ಒಬ್ಬ ಯುವಕ ಕೊಲೆಯಾಗಿಹೋದ ಊರಿನಲ್ಲಿ. ಮನುಷ್ಯರು ಬಾಯಿ ಬಿಡದ ಊರಿನಲ್ಲಿ ದೀಪಗಳು ಬಾಯಿ ಬಿಟ್ಟಿವೆ. ಅದಕ್ಕೆ ಚೌಕಟ್ಟಿಲ್ಲ, ಕ್ಷಮೆಯಾಚನೆಯಿಲ್ಲ. ಮುಂದಿನ ಪುಟದಲ್ಲಿ ಹಸಿವಿದೆ, ಕೂಲಿಯಿದೆ. 1984ರ ಈ ಸಣ್ಣ ಕಾದಂಬರಿಯನ್ನು ಮಾಂತ್ರಿಕ ವಾಸ್ತವವೆಂದು ಕರೆಯುವುದಕ್ಕೆ ಹಲವರು ಒಪ್ಪದಿರಬಹುದು. ಆ ಹೆಸರು ಅದಕ್ಕೆ ಚಿಕ್ಕದು ಎಂಬ ಆಕ್ಷೇಪದಲ್ಲಿ ಹುರುಳೂ ಇದೆ. ಆದರೆ ಬರೆಯುವುದನ್ನು ಕಲಿಯಲು ಅದಕ್ಕಿಂತ ಹತ್ತಿರದ ಪಾಠ ನಮಗಿಲ್ಲ. ಚಂದ್ರಶೇಖರ ಕಂಬಾರರ ಶಿವಾಪುರದ ಕಥೆಗಳನ್ನೂ, ಮುಖ್ಯವಾಗಿ ‘ಕರಿಮಾಯಿ’ಯನ್ನು, ಇದರ ಜೊತೆಗಿಟ್ಟು ಓದಬಹುದು.

ತೇಜಸ್ವಿಯವರ ‘ಕರ್ವಾಲೊ’ದ ಹಾರುವ ಓತಿಯನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಹಾರುವ ಓತಿ ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಇದೆ; ಪಕ್ಕೆಯ ಚರ್ಮವನ್ನು ಅಗಲಿಸಿ ಮರದಿಂದ ಮರಕ್ಕೆ ತೇಲುತ್ತದೆ. ಬೆರಗನ್ನು ಕಾಡಿನಲ್ಲೇ ಹುಡುಕುವ ಆ ಕಾದಂಬರಿ, ಬೇಕಿದ್ದರೆ, ಕಾರ್ಪೆಂತಿಯೆರ್ ಹೇಳಿದ ವಾಸ್ತವದ ಅದ್ಭುತಕ್ಕೆ ಹತ್ತಿರವಾದೀತು.

ಕಾಫ್ಕಾನ ಕಥೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳುವಾದವನದ್ದು ಯಾವ ಪ್ರಕಾರ?

1915ರ ಆ ಕಥೆಯನ್ನು ಎರಡೂ ಕಡೆಯವರು ತಮ್ಮದೆನ್ನುತ್ತಾರೆ. ದನಿ ಮಾಂತ್ರಿಕ ವಾಸ್ತವದ್ದೇ: ಹುಳುವಾದವನ ಮೊದಲ ಚಿಂತೆ ರೈಲು ತಪ್ಪಿತಲ್ಲ ಎಂಬುದು. ಆದರೆ ಅಲ್ಲಿ ಒಂದು ಸಮುದಾಯದ ನೆನಪು ಬೆನ್ನಿಗಿಲ್ಲ, ಅವನು ಒಂಟಿ. ಅದನ್ನು ಮಾಂತ್ರಿಕ ವಾಸ್ತವದ ಪೂರ್ವಜ ಎಂದರೆ ಸಾಕು.

ಇಷ್ಟೆಲ್ಲ ಹೇಳಿದರೂ, ಮಾಂತ್ರಿಕ ವಾಸ್ತವ ಎಂಬುದು ಫ್ಯಾಂಟಸಿಗೆ ಇಟ್ಟ ಮರ್ಯಾದೆಯ ಹೆಸರಲ್ಲವೇ?

ಫ್ಯಾಂಟಸಿ ಲೇಖಕರು ಈ ಮಾತನ್ನು ಹಾಸ್ಯವಾಗಿಯೂ ಕಹಿಯಾಗಿಯೂ ಹೇಳಿದ್ದಾರೆ, ಅದರಲ್ಲಿ ಸತ್ಯದ ಅಂಶವಿದೆ. ಪ್ರಶಸ್ತಿಗಳ, ಪಠ್ಯಕ್ರಮಗಳ ಲೋಕ ಒಂದನ್ನು ಸಾಹಿತ್ಯವೆಂದೂ ಇನ್ನೊಂದನ್ನು ಕಾಲಕ್ಷೇಪವೆಂದೂ ಬಹುಕಾಲ ನೋಡಿತು. ಆದರೆ ಅಂತಸ್ತಿನ ಜಗಳವೇ ಬೇರೆ, ಕಸುಬಿನ ವ್ಯತ್ಯಾಸವೇ ಬೇರೆ. ಕಳಪೆ ಮಾಂತ್ರಿಕ ವಾಸ್ತವಕ್ಕಿಂತ ಲೆ ಗ್ವಿನ್‌ಳ ಒಂದು ಅಧ್ಯಾಯ ಎಷ್ಟೋ ಮೇಲು.

ಇನ್ನೊಂದು ಬದಿಯಿಂದಲೂ ಪ್ರತಿಭಟನೆ ಬಂದಿದೆ. 1996ರಲ್ಲಿ ಚಿಲಿಯ ಇಬ್ಬರು ಯುವ ಲೇಖಕರು ‘ಮ್ಯಾಕೊಂಡೊ’ ಎಂಬ ಕಥಾಸಂಕಲನವನ್ನು ಹೊರತಂದರು. ಮಾರ್ಕೆಸ್‌ನ ಊರಿನ ಹೆಸರನ್ನೇ ಮ್ಯಾಕ್‌ಡೊನಾಲ್ಡ್ಸ್, ಮ್ಯಾಕಿಂತೋಷ್ ಕಂಪ್ಯೂಟರು, ಕಾಂಡೊ ಎಂಬ ಬಹುಮಹಡಿ ಮನೆಗಳ ಜೊತೆ ಬೆಸೆದ ಅಣಕವದು. ನಮ್ಮ ಊರುಗಳಲ್ಲಿ ಯಾರೂ ಹಾರುವುದಿಲ್ಲ, ನಮ್ಮಲ್ಲಿ ಮಾಲುಗಳಿವೆ, ಕಂಪ್ಯೂಟರುಗಳಿವೆ, ಹಾರುವ ಅಜ್ಜಿಯರನ್ನೇ ಬರೆಯಿರೆಂದು ಹೊರನಾಡಿನ ಪ್ರಕಾಶಕರು ಒತ್ತಾಯಿಸಬೇಡಿ ಎಂಬುದು ಅವರ ನಿಲುವು. ಭಾರತೀಯ ಲೇಖಕರೂ ಕಿವಿಗೊಡಬೇಕಾದ ಎಚ್ಚರಿಕೆಯಿದು. ನಮ್ಮ ದೈವ, ನಮ್ಮ ಮಳೆ, ನಮ್ಮ ಮಸಾಲೆಗಳನ್ನು ಹೊರಗಿನವರ ಕಣ್ಣಿಗೆ ಬಣ್ಣ ಕಟ್ಟಿ ಒಪ್ಪಿಸುವ ಬರಹ ಬೇಗ ಹಳಸುತ್ತದೆ.

ಜನರು ನಿಜವಾಗಿ ನಂಬುವ ದೈವವನ್ನು ಕಥೆಯಲ್ಲಿ ತಂದರೆ ಅದನ್ನು ‘ಮಾಂತ್ರಿಕ’ ಎನ್ನುವುದು ಸರಿಯೇ?

ಎಚ್ಚರ ಬೇಕು. ತುಳುನಾಡಿನ ನೇಮದಲ್ಲಿ, ಅಂದರೆ ದೈವಾರಾಧನೆಯ ಉತ್ಸವದಲ್ಲಿ, ದೈವ ನುಡಿ ಕೊಡುವಾಗ, ಎದುರು ಕೈಮುಗಿದು ನಿಂತವರಿಗೆ ಅದು ಮಾಯೆಯಲ್ಲ, ನ್ಯಾಯ. ಜಮೀನಿನ ತಕರಾರು, ಅಣ್ಣತಮ್ಮಂದಿರ ಮನಸ್ತಾಪ ಅಲ್ಲಿ ತೀರ್ಮಾನವಾಗುತ್ತವೆ. ಅದನ್ನು ನಡೆದಂತೆ ಬರೆದರೆ ಅದು ನೇರ ವಾಸ್ತವವಾದ. ನಂಬುವವರ ನಡುವೆ ನಿಂತು ಬರೆಯುತ್ತಿದ್ದೀರೋ, ನಂಬುವವರನ್ನು ದೂರದಿಂದ ತೋರಿಸುತ್ತಿದ್ದೀರೋ ಎಂಬುದು ವಾಕ್ಯದ ಕ್ರಿಯಾಪದದಲ್ಲೇ ಬಯಲಾಗುತ್ತದೆ. ‘ದೈವ ಬಂತು ಎಂದು ಜನ ನಂಬುತ್ತಾರೆ’ ಎಂದು ಬರೆದವನು ಹೊರಗಿದ್ದಾನೆ. ‘ದೈವ ಬಂತು’ ಎಂದವನು ಒಳಗಿದ್ದಾನೆ. ಮಾಂತ್ರಿಕ ವಾಸ್ತವಕ್ಕೆ ಬೇಕಾದದ್ದು ಎರಡನೆಯ ಕ್ರಿಯಾಪದ.

ನನ್ನ ಹಸ್ತಪ್ರತಿ ಯಾವ ಕಡೆಗಿದೆ ಎಂದು ತಿಳಿಯುವ ಉಪಾಯವಿದೆಯೇ?

ಅಲೌಕಿಕ ಅಂಶವನ್ನು ಹೊಡೆದುಹಾಕಿ ಉಳಿದದ್ದನ್ನು ಓದಿನೋಡಿ. ಏನೂ ಉಳಿಯದಿದ್ದರೆ, ಪಾತ್ರಗಳಿಗೆ ಮಾಡಲು ಕೆಲಸವೇ ಇಲ್ಲದಂತಾದರೆ, ನೀವು ಬರೆದದ್ದು ಫ್ಯಾಂಟಸಿ. ಹಾಗಾದರೆ ಸಂಕೋಚ ಬಿಟ್ಟು ನಿಯಮಗಳನ್ನು ಬಿಗಿ ಮಾಡಿ. ಊರು, ಮನೆತನ, ಜಗಳ, ಸಾವು ಎಲ್ಲವೂ ಉಳಿದು, ಆದರೆ ಕಥೆಯ ಬಾಯಿ ಕಟ್ಟಿದಂತಾದರೆ, ನೀವು ಮಾಂತ್ರಿಕ ವಾಸ್ತವದ ಹತ್ತಿರವಿದ್ದೀರಿ. ಏನೂ ಬದಲಾಗದಿದ್ದರೆ ಆ ಅಂಶ ಒಡವೆಯಾಗಿತ್ತು, ತೆಗೆದದ್ದೇ ಒಳ್ಳೆಯದಾಯಿತು. ಕಾಫ್ಕಾನ ಕಥೆಗೆ ಈ ಪರೀಕ್ಷೆ ಒಗ್ಗುವುದಿಲ್ಲ, ಹುಳುವನ್ನು ತೆಗೆದರೆ ಅಲ್ಲಿ ಕಥೆಯೇ ಇಲ್ಲ. ಆದರೂ ಹತ್ತರಲ್ಲಿ ಎಂಟು ಹಸ್ತಪ್ರತಿಗಳಿಗೆ ಇದು ಸಾಲುತ್ತದೆ.

ಎರಡನ್ನೂ ಒಂದೇ ಕಥೆಯಲ್ಲಿ ಬೆರೆಸಬಹುದೇ?

ಬೆರೆಸಿದವರಿದ್ದಾರೆ. ಆದರೆ ಒಂದು ಕಡೆ ವಿವರಣೆ ಕೊಟ್ಟ ಮೇಲೆ ಓದುಗ ಎಲ್ಲ ಕಡೆಯೂ ವಿವರಣೆ ನಿರೀಕ್ಷಿಸುತ್ತಾನೆ. ನೂರು ಪುಟಗಳವರೆಗೆ ಟ್ರಂಕಿನಿಂದ ಸುಮ್ಮನೆ ನೀರು ಜಿನುಗಿಸಿ, ನೂರೊಂದನೆಯ ಪುಟದಲ್ಲಿ ಅದರೊಳಗೊಂದು ಮಂತ್ರದ ಮಣಿ ಇತ್ತೆಂದು ಬರೆದರೆ, ಹಿಂದಿನ ನೂರು ಪುಟಗಳ ನೀರೂ ಇಂಗಿಹೋಗುತ್ತದೆ. ಮಣಿ ಇಡುವುದಿದ್ದರೆ ಮೊದಲ ಅಧ್ಯಾಯದಲ್ಲೇ ಇಡಿ.